ಕಲ್ಲಿನ ಮಾತು, ಓಲೆಯ ಮಾತು



‘ಸಂಪಾದನೆ’ ಎಂಬ ಶಬ್ದವನ್ನು ನಾವು ದಿನಕ್ಕೆ ಹತ್ತು ಸಲ ಆಡುತ್ತೇವೆ. ಹೊಲದಲ್ಲಿ ದುಡಿದು, ಅಂಗಡಿಯಲ್ಲಿ ಕುಳಿತು, ನೌಕರಿ ಮಾಡಿ ನಾಲ್ಕು ಕಾಸು ಗಳಿಸಿದರೆ ಅದು ಸಂಪಾದನೆ. ‘ಶೂನ್ಯಸಂಪಾದನೆ’ ಎಂಬ ಗ್ರಂಥದ ಹೆಸರಿನಲ್ಲಿ ಅದೇ ಶಬ್ದ ಗಳಿಕೆಯ ಲೆಕ್ಕವನ್ನೆಲ್ಲ ದಾಟಿ ನಿಂತಿದೆ. ವಿದ್ವಾಂಸರ ಬಳಿ ಇದಕ್ಕೆ ಮೂರನೆಯದೊಂದು ಅರ್ಥವಿದೆ. ಕಾಲದ ಹೊಡೆತಕ್ಕೆ ಸಿಕ್ಕ ಹಳೆಯ ಬರಹವನ್ನು, ಅದು ಕಲ್ಲಿನ ಮೇಲಿರಲಿ, ತಾಳೆಯ ಗರಿಯ ಮೇಲಿರಲಿ, ಕಾಗದದ ಮೇಲಿರಲಿ, ಬರೆದವನು ಬರೆದಂತೆಯೇ ಓದಿ ತೆಗೆದು ಮುಂದಿನವರ ಕೈಗೆ ಕೊಡುವ ಕೆಲಸಕ್ಕೆ ಗ್ರಂಥಸಂಪಾದನೆ ಎನ್ನುತ್ತಾರೆ. ಇವತ್ತು ಆ ಮೂರನೆಯ ಸಂಪಾದನೆಯ ಮಾತು.

ಧರ್ಮದ ವೇದಿಕೆಯಲ್ಲಿ ಇದೇಕೆ ಎಂದು ಕೆಲವರಿಗೆ ಅನ್ನಿಸಬಹುದು. ನಿನ್ನೆ ದೇವದುರ್ಗದ ಕಡೆಯ ಭಕ್ತರೊಬ್ಬರು ಕೇಳಿದ ಪ್ರಶ್ನೆ ಇದಕ್ಕೆ ಕಾರಣ. “ಅಪ್ಪಾರೆ, ನಮ್ಮ ರಾಯಚೂರು ಯುದ್ಧ ಒಂದು ಪುಸ್ತಕದಾಗ ೧೫೨೦ ಅಂತದ, ಇನ್ನೊಂದರಾಗ ೧೫೨೨ ಅಂತದ. ಯಾವುದು ಖರೆ ಅಂತ ತಿಳಿಬೇಕು?” ಎಂದರು. ಎರಡು ವರ್ಷ ಆಚೆ ಈಚೆ ಆದರೆ ಏನಾಯಿತು ಎಂದು ಪಕ್ಕದಲ್ಲಿದ್ದವರು ನಕ್ಕರು. ನಗುವ ಪ್ರಶ್ನೆ ಅದಲ್ಲ. ಸಾಲಪತ್ರದಲ್ಲಿ ಎರಡು ವರ್ಷ ಆಚೆ ಈಚೆ ಆದರೆ ನಾವು ಕೋರ್ಟಿನ ಮೆಟ್ಟಿಲು ಹತ್ತುವವರು. ಹಿರಿಯರ ಕಾಲದ ಲೆಕ್ಕ ಬಂದಾಗ ಮಾತ್ರ ಎಷ್ಟು ತಪ್ಪಿದರೂ ನಡೆದೀತು ಎಂದುಕೊಳ್ಳುತ್ತೇವೆ.

ಕೃಷ್ಣದೇವರಾಯನಿಗೂ ವಿಜಾಪುರದ ಇಸ್ಮಾಯಿಲ್ ಆದಿಲ್‌ಶಾಹನಿಗೂ ಈ ಸೀಮೆಯಲ್ಲಿ ಘೋರ ಯುದ್ಧವಾಯಿತು, ರಾಯಚೂರು ಕೋಟೆ ರಾಯನ ವಶವಾಯಿತು. ಇಷ್ಟು ಎಲ್ಲರಿಗೂ ಗೊತ್ತು. ಆದರೆ ಇದು ನಮಗೆ ಗೊತ್ತಾದದ್ದು ಹೇಗೆ? ಆ ಯುದ್ಧದ ಅತ್ಯಂತ ವಿಸ್ತಾರವಾದ ವರ್ಣನೆ ಇರುವುದು ಪೋರ್ತುಗೀಜ್ ಭಾಷೆಯಲ್ಲಿ. ಫರ್ನಾವ್ ನೂನಿಜ್ ಎಂಬ ಕುದುರೆ ವ್ಯಾಪಾರಿ ಅಚ್ಯುತರಾಯನ ಕಾಲದಲ್ಲಿ ವಿಜಯನಗರದಲ್ಲಿದ್ದು, ಸುಮಾರು ೧೫೩೫–೩೭ರಲ್ಲಿ ಅಲ್ಲಿಯ ಅರಸರ ಚರಿತ್ರೆಯನ್ನು ಬರೆದ. ಕುದುರೆ ಮಾರಲು ಬಂದವನು ಚರಿತ್ರೆ ಬರೆದು ಹೋದ, ನೋಡಿ! ಆ ಬರಹ ಕಡಲು ದಾಟಿ ಹೋಯಿತು. ಅದರ ಹಸ್ತಪ್ರತಿ ಪ್ಯಾರಿಸ್ ನಗರದ ದೊಡ್ಡ ಗ್ರಂಥಭಂಡಾರದಲ್ಲಿ, ಡೊಮಿಂಗೊ ಪೇಸ್ ಎಂಬ ಇನ್ನೊಬ್ಬ ಪೋರ್ತುಗೀಜನ ಬರಹದೊಡನೆ ಉಳಿದಿತ್ತು. ೧೮೯೭ರಲ್ಲಿ ಡೇವಿಡ್ ಲೋಪೆಸ್ ಎಂಬ ವಿದ್ವಾಂಸರು ಅದನ್ನು ಸಂಪಾದಿಸಿ ಲಿಸ್ಬನ್ನಿನಲ್ಲಿ ಅಚ್ಚು ಹಾಕಿಸಿದರು. ಮದ್ರಾಸು ಸಿವಿಲ್ ಸರ್ವಿಸಿನಲ್ಲಿದ್ದ ರಾಬರ್ಟ್ ಸಿವೆಲ್ ಅವರು ಅದನ್ನು ಇಂಗ್ಲಿಷಿಗೆ ತಂದು, ವಿಜಯನಗರವನ್ನು ‘ಮರೆತುಹೋದ ಸಾಮ್ರಾಜ್ಯ’ ಎಂದು ಕರೆದ ತಮ್ಮ ಗ್ರಂಥದಲ್ಲಿ ೧೯೦೦ರಲ್ಲಿ ಪ್ರಕಟಿಸಿದರು. ಲೆಕ್ಕ ಹಾಕಿ. ರಾಯಚೂರಿನ ಕಥೆ ಅಚ್ಚಿನ ಮುಖ ಕಾಣುವುದಕ್ಕೆ ಸುಮಾರು ೩೬೦ ವರ್ಷ ಬೇಕಾಯಿತು. ಅದು ರಾಯಚೂರಿಗೆ ಮರಳಿ ಬರುವುದಕ್ಕೆ ಎರಡು ಪರಭಾಷೆಗಳನ್ನು ಹಾದು ಬರಬೇಕಾಯಿತು.

ಅನುವಾದವೆಂದರೆ ನಿಘಂಟು ತೆರೆದು ಶಬ್ದಕ್ಕೆ ಶಬ್ದ ಇಡುವುದು ಎಂದು ತಿಳಿದವರಿದ್ದಾರೆ. ನೂನಿಜನ ಬರಹದಲ್ಲಿ ರಾಯಚೂರು ‘ರಾಚೋಲ್’ ಆಗಿದೆ, ವಿಜಯನಗರ ‘ಬಿಸ್ನಗ’ ಆಗಿದೆ, ಆದಿಲ್ ಖಾನ ‘ಇದಲ್ಕಾವ್’ ಆಗಿದ್ದಾನೆ. ಪರದೇಶದವನ ಕಿವಿಗೆ ಬಿದ್ದ ನಮ್ಮ ಹೆಸರುಗಳು ಅವನ ಲೇಖನಿಯಿಂದ ಹೀಗೆ ಇಳಿದವು. ಈಗ ಗೋವೆಯ ಸಾಸಷ್ಟಿಯಲ್ಲಿ ರಾಚೋಲ್ ಎಂಬ ಹೆಸರಿನದೇ ಇನ್ನೊಂದು ಕೋಟೆ ಇದೆ! ನೆಲ ಗೊತ್ತಿಲ್ಲದ ಅನುವಾದಕ ನಮ್ಮ ರಾಯಚೂರನ್ನು ಎತ್ತಿಕೊಂಡು ಹೋಗಿ ಗೋವೆಯ ದಂಡೆಯ ಮೇಲೆ ಇಟ್ಟುಬಿಡಬಹುದಾಗಿತ್ತು. ನದಿ ಎಲ್ಲಿದೆ, ಮುದಗಲ್ಲು ಎಲ್ಲಿದೆ, ಸೈನ್ಯ ಯಾವ ದಾರಿಯಲ್ಲಿ ಬಂತು ಎಂಬುದನ್ನು ಬಲ್ಲವನು ಮಾತ್ರ ಆ ಹೆಸರನ್ನು ಅದರ ಜಾಗಕ್ಕೆ ಕೂಡಿಸಬಲ್ಲ.

ಇನ್ನು ಸಂಖ್ಯೆಗಳ ಮಾತು. ರಾಯನ ಸೈನ್ಯದಲ್ಲಿ ೭,೦೩,೦೦೦ ಕಾಲಾಳು, ೩೨,೬೦೦ ಕುದುರೆ, ೫೫೧ ಆನೆ ಇದ್ದವು ಎಂದು ನೂನಿಜ್ ಬರೆಯುತ್ತಾನೆ. ಏಳು ಲಕ್ಷ ಜನಕ್ಕೆ ಈ ದೋಆಬದ ನೆಲದಲ್ಲಿ ಬೇಸಿಗೆಯ ದಿನ ನೀರು ಎಲ್ಲಿಂದ ತಂದರು ಎಂದು ನಿಮ್ಮಲ್ಲಿ ಒಕ್ಕಲುತನ ಮಾಡುವವರು ಕೇಳಬಹುದು, ಕೇಳಲೇಬೇಕು. ಆದರೆ ಸಂಪಾದಕ ಏನು ಮಾಡಬೇಕು? ಇದು ಅತಿಯಾಯಿತು ಎಂದು ಒಂದು ಸೊನ್ನೆ ತೆಗೆದುಬಿಡಬೇಕೆ? ರಾಯನ ಮೇಲಿನ ಅಭಿಮಾನದಿಂದ ಇನ್ನಷ್ಟು ಏರಿಸಬೇಕೆ? ಎರಡೂ ಕೂಡದು. ಬರೆದವನು ಏನು ಬರೆದನೋ ಅದು ಹಾಗೆಯೇ ಇರಬೇಕು. ತನ್ನ ಸಂಶಯ ಪುಟದ ಅಡಿಯಲ್ಲಿ, ತನ್ನ ಹೆಸರಿನಲ್ಲಿ ಇರಬೇಕು. ಮೂಲ ಯಾವುದು, ತನ್ನದು ಯಾವುದು ಎಂಬ ಗೆರೆ ಅಳಿಸಿಹೋಗಬಾರದು. ಈ ಶಾಸ್ತ್ರದ ಶೀಲವೆಲ್ಲ ಆ ಗೆರೆಯಲ್ಲಿದೆ. ಡಿ. ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯನ್ನು, ಎಂ. ಎಂ. ಕಲಬುರ್ಗಿಯವರು ಇದೇ ಶಾಸ್ತ್ರದ ಮೇಲೆ ಬರೆದ ಗ್ರಂಥವನ್ನು ಓದಿದವರಿಗೆ ಇದು ಹೊಸ ಮಾತಲ್ಲ.

ದೇವದುರ್ಗದವರ ಪ್ರಶ್ನೆಗೆ ಬರೋಣ. ೧೫೨೨ ಎಂಬುದು ಬಂದದ್ದು ಇದೇ ನೂನಿಜನ ಬರಹದಿಂದ. ಮೇ ತಿಂಗಳು, ಹೊಸ ಚಂದ್ರನ ದಿನ, ೧೫೨೨ ಎಂದು ಅವನು ಹೇಳುತ್ತಾನೆ. ಜೊತೆಗೆ ಇನ್ನೊಂದು ಸಂಗತಿಯನ್ನೂ ಹೇಳುತ್ತಾನೆ. ರಾಯ ಶುಕ್ರವಾರವೇ ಯುದ್ಧಕ್ಕೆ ಹೊರಡಬೇಕೆಂದಿದ್ದಾಗ, ಶುಕ್ರವಾರ ಒಳ್ಳೆಯ ದಿನವಲ್ಲ, ಶನಿವಾರ ಶುಭ ಎಂದು ಅವನ ಕಡೆಯವರು ತಡೆದರಂತೆ. ಇಲ್ಲಿ ಒಂದು ಮಾತು. ಈಗಿನ ನಮ್ಮ ಜನ ಶನಿವಾರವೆಂದರೆ ಹಿಂಜರಿಯುವವರು, ಶುಕ್ರವಾರವೆಂದರೆ ಲಕ್ಷ್ಮಿಯ ವಾರ ಎನ್ನುವವರು. ಭಾವುಕನಾದ ಪ್ರತಿಕಾರನೊಬ್ಬ ಇದನ್ನು ನಕಲು ಮಾಡಿದ್ದರೆ, ಪಾಪ ಪರದೇಶಿಗೆ ತಿಳಿಯದೆ ವಾರ ಅದಲುಬದಲಾಗಿದೆ ಎಂದು ತಿದ್ದಿಯೇ ಬಿಡುತ್ತಿದ್ದ. ಹಾಗೆ ತಿದ್ದಿದ್ದರೆ ಯುದ್ಧದ ನಿಜವಾದ ದಿನ ಸಿಗುವ ದಾರಿಯೇ ಮುಚ್ಚಿಹೋಗುತ್ತಿತ್ತು. ಏಕೆಂದರೆ ಆ ಶನಿವಾರವೇ ಕೀಲಿಕೈ ಆಯಿತು.

ಸಿವೆಲ್ ಅವರು ಪಂಚಾಂಗ ಬಲ್ಲವರು. ಶಂಕರ ಬಾಳಕೃಷ್ಣ ದೀಕ್ಷಿತ ಎಂಬ ಮರಾಠಿ ಜ್ಯೋತಿಷ ಪಂಡಿತರ ಜೊತೆ ಕೂಡಿ ೧೮೯೬ರಲ್ಲಿ ಭಾರತೀಯ ಕಾಲಗಣನೆಯ ಮೇಲೆ ದೊಡ್ಡ ಗ್ರಂಥ ಮಾಡಿದ್ದವರು. ೧೫೨೨ರ ಮೇ ತಿಂಗಳನ್ನು ಲೆಕ್ಕ ಹಾಕಿದರೆ ಹೊಸ ಚಂದ್ರನಿಗೂ ಶನಿವಾರಕ್ಕೂ ಹೊಂದಿಕೆ ಬರುವುದಿಲ್ಲ. ೧೫೨೦ಕ್ಕೆ ಹೋಗಿ ನೋಡಿದರೆ ಅಮಾವಾಸ್ಯೆ ಮೇ ೧೭, ಗುರುವಾರ ಆಗುತ್ತದೆ. ಅದು ಕಳೆದು ಎಳೆಯ ಚಂದ್ರ ಕಣ್ಣಿಗೆ ಬೀಳುವ ದಿನ ಮೇ ೧೯, ಶನಿವಾರ. ಇಷ್ಟಕ್ಕೇ ಅವರು ನಿಲ್ಲಲಿಲ್ಲ. ಬೇರೆ ಪೋರ್ತುಗೀಜ್ ಇತಿಹಾಸಕಾರರ ಗ್ರಂಥಗಳನ್ನು ತೆಗೆದರು. ರಾಯ ಮತ್ತು ಆದಿಲ್‌ಶಾಹ ರಾಯಚೂರಿನ ಕಡೆ ಹೊಡೆದಾಡುತ್ತಿದ್ದ ಸಮಯ ನೋಡಿ ಗೋವೆಯ ಪೋರ್ತುಗೀಜರು ಎದುರು ದಂಡೆಯ ಸೀಮೆಯನ್ನು ಹಿಡಿದರು. ಆಗ ಅವರ ಗವರ್ನರ್ ಸಿಕ್ವೇರ ಕೆಂಪು ಸಮುದ್ರದ ಯಾತ್ರೆಯಲ್ಲಿದ್ದ, ಆ ಯಾತ್ರೆ ೧೫೨೦ರದು. ಹೀಗೆ ಒಂದು ಸಾಕ್ಷಿ ಆಕಾಶದಿಂದ, ಒಂದು ಸಾಕ್ಷಿ ಕಡಲಿನಿಂದ ಸಿಕ್ಕಮೇಲೆ ಯುದ್ಧ ನಡೆದದ್ದು ೧೯ ಮೇ ೧೫೨೦ ಎಂದು ಅವರು ನಿರ್ಣಯಿಸಿದರು. ಇಂದಿನ ಇತಿಹಾಸಕಾರರೂ ಸಾಮಾನ್ಯವಾಗಿ ಅದನ್ನೇ ಒಪ್ಪಿದ್ದಾರೆ. ಆದರೆ ಗಮನಿಸಿ, ಅವರು ಈ ವಾದವನ್ನೆಲ್ಲ ತಮ್ಮ ಮಾತಿನಲ್ಲಿ, ತಮ್ಮ ಅಧ್ಯಾಯದಲ್ಲಿ ಇಟ್ಟರು. ನೂನಿಜನ ೧೫೨೨ ನೂನಿಜನದಾಗಿಯೇ ಉಳಿಯಿತು. ಅದಕ್ಕೇ ಒಂದು ಪುಸ್ತಕದಲ್ಲಿ ಒಂದು, ಇನ್ನೊಂದರಲ್ಲಿ ಇನ್ನೊಂದು ಕಾಣುವುದು. ನಾಳೆ ಯಾರಿಗಾದರೂ ಸಿವೆಲ್ ಅವರ ಲೆಕ್ಕ ಸಂಶಯ ಬಂದರೆ ಮತ್ತೆ ಮೊದಲಿನಿಂದ ಲೆಕ್ಕ ಹಾಕಬಹುದು. ಮೂಲ ಇದ್ದಲ್ಲೇ ಇದೆ.

ಸೋತವರ ಕಡೆಯ ಮಾತೂ ಇದೆ. ವಿಜಾಪುರದ ಆಸ್ಥಾನದಲ್ಲಿದ್ದ ಫಿರಿಶ್ತಾ ಈ ಯುದ್ಧದ ಸುಮಾರು ೮೫ ವರ್ಷಗಳ ನಂತರ ಪಾರಸಿಯಲ್ಲಿ ತನ್ನ ಇತಿಹಾಸ ಬರೆದ. ೧೮೨೯ರಲ್ಲಿ ಜಾನ್ ಬ್ರಿಗ್ಸ್ ಎಂಬ ಸೈನ್ಯಾಧಿಕಾರಿ ಅದನ್ನು ಇಂಗ್ಲಿಷಿಗೆ ತಂದರು. ಇಸ್ಮಾಯಿಲ್ ಆದಿಲ್‌ಶಾಹ ಕುಡಿದ ಅಮಲಿನಲ್ಲಿ ಆನೆ ಹತ್ತಿ ನದಿಗೆ ಇಳಿದದ್ದೇ ಸೋಲಿಗೆ ಕಾರಣ ಎಂದು ಅಲ್ಲಿ ಬರುತ್ತದೆ. ರಾಯಚೂರು ಅದಾಗಲೇ ರಾಯನ ಕೈಯಲ್ಲಿತ್ತು, ಅದನ್ನು ಮರಳಿ ಪಡೆಯಲು ಶಾಹ ಹೊರಟ ಎಂದು ಫಿರಿಶ್ತಾ. ಕೋಟೆ ಶಾಹನ ಕೈಯಲ್ಲಿತ್ತು, ಯುದ್ಧ ಗೆದ್ದಮೇಲೆ ರಾಯ ಅದನ್ನು ಹಿಡಿದ ಎಂದು ನೂನಿಜ್. ಕೋಟೆಯ ಗೋಡೆಯ ಕಲ್ಲುಗಳನ್ನು ರಾಯನ ಆಳುಗಳು ಹಾರೆಯಿಂದ ಎಬ್ಬಿ ತೆಗೆಯುತ್ತಿದ್ದಾಗ ಕ್ರಿಸ್ತೊವಾವ್ ಫಿಗೆರೇದೊ ಎಂಬ ಪೋರ್ತುಗೀಜ ತನ್ನ ಇಪ್ಪತ್ತು ಮಂದಿ ಬಂದೂಕಿನವರೊಡನೆ ಗೋಡೆಯ ಮೇಲಿನ ಕಾವಲಿನವರನ್ನು ಹೊಡೆದ ಎಂದು ಅವನು ಬರೆಯುತ್ತಾನೆ. ತನ್ನ ದೇಶದವನ ಹೆಚ್ಚುಗಾರಿಕೆ ಹೇಳುತ್ತಿದ್ದಾನೆ, ಸ್ವಲ್ಪ ತೂಗಿ ನೋಡಬೇಕು. ಆದರೆ ಅದೇ ಜಾಗದಲ್ಲಿ, ಗೋಡೆಯನ್ನು ಗಾರೆಯಿಲ್ಲದೆ ದೊಡ್ಡ ಕಲ್ಲುಗಳಿಂದ ಕಟ್ಟಿ ಒಳಗೆ ಮಣ್ಣು ತುಂಬಿದ್ದಾರೆ ಎಂದೂ ಹೇಳುತ್ತಾನೆ. ಇದನ್ನು ತೂಗಲು ವಿದ್ವಾಂಸರೇ ಬೇಕಾಗಿಲ್ಲ. ರಾಯಚೂರಿನವರು ಎದ್ದು ಹೋಗಿ ಒಳಕೋಟೆಯ ಗೋಡೆಗೆ ಕೈ ಇಟ್ಟು ನೋಡಬಹುದು. ಕಲ್ಲಿಗೆ ಕಲ್ಲು ಕೂಡಿಸಿದ್ದಾರೆ, ಸುಣ್ಣವಿಲ್ಲ.

ಆ ಒಳಗೋಡೆಯಲ್ಲಿಯೇ ಒಂದು ಭಾರಿ ಕಲ್ಲಿದೆ, ೪೧ ಅಡಿಗೂ ಮಿಕ್ಕಿದ ಉದ್ದದ್ದು. ಅದರ ಮೇಲೆ ೧೨೯೪ರ ತೆಲುಗು ಶಾಸನ. ವಿಠಲನಾಥ ಎಂಬ ಅಧಿಕಾರಿ ಆದವಾನಿ, ತುಂಬಳ, ಮಾನುವ, ಹಾಲುವ ಎಂಬ ಕೋಟೆಗಳನ್ನು ಗೆದ್ದು ಇಲ್ಲಿಗೆ ಬಂದು ಈ ಕೋಟೆಯನ್ನು ಕಟ್ಟಿಸಿದ ಎಂದು ಅದು ಹೇಳುತ್ತದೆ. ಮಾನುವ ಎಂದರೆ ನಮ್ಮ ಮಾನವಿ. ಮಾನವಿಯ ತಾಯಂದಿರು ಇಲ್ಲಿ ಕುಳಿತಿದ್ದೀರಿ, ನಿಮ್ಮ ಊರಿನ ಹೆಸರು ಏಳು ನೂರು ವರ್ಷಗಳಿಂದ ರಾಯಚೂರಿನ ಗೋಡೆಯ ಮೇಲಿದೆ. ಈ ವಿಠಲನ ಒಡೆಯನ ಹೆಸರನ್ನು ಹಳೆಯ ಗೆಜೆಟಿಯರುಗಳಲ್ಲಿ ‘ಗೋರೆ ಗಂಗಯ್ಯ’ ಎಂದು ಅಚ್ಚು ಮಾಡಿದರು. ಒಬ್ಬರು ಅಚ್ಚು ಮಾಡಿದ್ದನ್ನು ಇನ್ನೊಬ್ಬರು ಎತ್ತಿಕೊಂಡರು. ಕಾಕತೀಯರ ಇತರ ಶಾಸನಗಳನ್ನು ಎದುರಿಗಿಟ್ಟು ನೋಡಿದ ವಿದ್ವಾಂಸರಿಗೆ ಅವನು ವರ್ಧಮಾನಪುರದ ಗೋನ ವಂಶದ ಗೋನ ಗನ್ನಯ ರೆಡ್ಡಿ ಎಂದು ತಿಳಿಯಿತು. ಆದರೂ ಹಳೆಯ ಓದು ಇಂದಿಗೂ ಎಷ್ಟೋ ಪುಸ್ತಕಗಳಲ್ಲಿ ಹಾಗೇ ನಡೆದಿದೆ. ಒಂದು ತಪ್ಪು ಓದು ಒಮ್ಮೆ ಅಚ್ಚಿನಲ್ಲಿ ಕುಳಿತರೆ ಅದನ್ನು ಏಳಿಸುವುದು ಕಷ್ಟ. ಇದ್ದ ಕಲ್ಲನ್ನು ನೋಡುವವರಿಗಿಂತ ಇದ್ದ ಪುಸ್ತಕವನ್ನು ನೋಡುವವರೇ ಹೆಚ್ಚು.

ಇನ್ನೂ ಹಿಂದಕ್ಕೆ ಹೋದರೆ ಮಸ್ಕಿ. ೧೮೩೭ರಲ್ಲಿ ಜೇಮ್ಸ್ ಪ್ರಿನ್ಸೆಪ್ ಎಂಬುವರು ಬ್ರಾಹ್ಮೀ ಅಕ್ಷರಗಳನ್ನು ಓದಿ ಬಿಡಿಸಿದರು. ದೇಶದ ತುಂಬ ಹರಡಿದ್ದ ಆ ಧರ್ಮಲಿಪಿಗಳಲ್ಲಿ ಅರಸನ ಹೆಸರು ‘ದೇವಾನಂಪಿಯ ಪಿಯದಸಿ’ ಎಂದಷ್ಟೇ ಇತ್ತು. ಪ್ರಿನ್ಸೆಪ್ ಮೊದಲು ಅವನನ್ನು ಸಿಂಹಳದ ಅರಸನೆಂದುಕೊಂಡರು. ಸಿಂಹಳದಲ್ಲಿ ಪಾಳಿ ಗ್ರಂಥಗಳನ್ನು ಸಂಪಾದಿಸುತ್ತಿದ್ದ ಜಾರ್ಜ್ ಟರ್ನರ್ ಎಂಬುವರು ಅವನು ಮಗಧದ ಅಶೋಕ ಎಂದು ತೋರಿಸಿದರು. ಗ್ರಂಥದ ಸಾಕ್ಷಿಯೇನೋ ಸಿಕ್ಕಿತು, ಕಲ್ಲಿನ ಸಾಕ್ಷಿ ಇರಲಿಲ್ಲ. ೭೮ ವರ್ಷ ಹಾಗೇ ಕಳೆಯಿತು. ೧೯೧೫ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರು ಮಸ್ಕಿಯ ಗುಡ್ಡದ ಬಂಡೆಯೊಂದರ ಮೇಲೆ ಅಕ್ಷರಗಳನ್ನು ಕಂಡರು. ಹುಡುಕಿದ್ದು ಚಿನ್ನ, ಸಿಕ್ಕದ್ದು ಅಶೋಕ. ಅದೇ ವರ್ಷ ಹೊಸಕೋಟೆ ಕೃಷ್ಣಶಾಸ್ತ್ರಿಗಳು ಅದನ್ನು ಸಂಪಾದಿಸಿದರು. ಹೈದರಾಬಾದಿನ ಪ್ರಾಚ್ಯವಸ್ತು ಇಲಾಖೆಯ ಗ್ರಂಥಮಾಲೆಯ ಮೊಟ್ಟಮೊದಲ ಪ್ರಕಟಣೆ ಅದು. ಎಂಟು ಸಾಲಿನ ಆ ಲಿಪಿಯ ಮೊದಲಲ್ಲೇ ದೇವಾನಂಪಿಯ ಅಸೋಕ ಎಂದು ಹೆಸರು ಸ್ಪಷ್ಟವಾಗಿತ್ತು. ಕಾಲಾಂತರದಲ್ಲಿ ಮಧ್ಯಪ್ರದೇಶದ ಗುಜರ್ರಾದಲ್ಲಿ, ಆಮೇಲೆ ತುಂಗಭದ್ರೆಯ ಆಚೆ ಸಿರುಗುಪ್ಪ ತಾಲೂಕಿನ ನಿಟ್ಟೂರು, ಉದೆಗೋಳಗಳಲ್ಲಿ ಆ ಹೆಸರು ಮತ್ತೆ ಸಿಕ್ಕಿತು. ಮೊದಲ ಸಾಕ್ಷಿ ಹೇಳಿದ ಹೆಮ್ಮೆ ಮಾತ್ರ ನಮ್ಮ ಮಸ್ಕಿಯದು.

ಬಂಡೆಯ ಬರಹವನ್ನು ಪುಸ್ತಕಕ್ಕೆ ತರುವುದು ಹೇಗೆಂದು ನೋಡಿದ್ದೀರಾ? ಕಲ್ಲನ್ನು ತೊಳೆದು ಒದ್ದೆ ಕಾಗದ ಹಾಸಿ, ಕುಂಚದಿಂದ ಬಡಿಬಡಿದು ಕಾಗದ ಅಕ್ಷರದ ತಗ್ಗಿನೊಳಗೆ ಇಳಿಯುವಂತೆ ಮಾಡುತ್ತಾರೆ. ಮೇಲೆ ಮಸಿಯ ಗಂಟಿನಿಂದ ತಟ್ಟುತ್ತಾರೆ. ಉಬ್ಬು ಕಪ್ಪಾಗುತ್ತದೆ, ತಗ್ಗು ಬೆಳ್ಳಗೆ ಉಳಿಯುತ್ತದೆ. ಇದಕ್ಕೆ ಪಡಿಯಚ್ಚು ಎನ್ನುತ್ತಾರೆ. ಕಲ್ಲಿನ ಬಿರುಕೂ ಬೆಳ್ಳಗೆ ಮೂಡುತ್ತದೆ, ಅಕ್ಷರದ ಗೆರೆಯೂ ಬೆಳ್ಳಗೆ ಮೂಡುತ್ತದೆ. ಯಾವುದು ಅರಸನದು, ಯಾವುದು ಬಿಸಿಲು ಮಳೆಯದು ಎಂದು ಬೇರ್ಪಡಿಸುವುದರಲ್ಲಿ ಕಣ್ಣು ಸವೆಯುತ್ತದೆ. ಅಳಿದುಹೋದ ಅಕ್ಷರವನ್ನು ಊಹೆಯಿಂದ ತುಂಬಿದರೆ ಅದಕ್ಕೆ ಕಂಸ ಹಾಕಬೇಕು. ಕಂಸ ಹಾಕದೆ ತುಂಬುವುದು ಕಳವಿಗೆ ಸಮ.

ಆ ಲಿಪಿಯಲ್ಲಿ ಒಂದು ಮಾತಿನ ಆಶಯ ಹೀಗಿದೆ: ಈ ಗುರಿ ದೊಡ್ಡವರಿಗಷ್ಟೇ ಸಿಗುವುದೆಂದು ತಿಳಿಯಬೇಡಿ, ಧರ್ಮದಲ್ಲಿ ತೊಡಗಿದರೆ ಸಣ್ಣವನಿಗೂ ಸಾಧ್ಯ. ಇದನ್ನು ಕೇಳಿದ ಕೂಡಲೆ ನಮ್ಮವರಿಗೆ ಮೈ ನವಿರೇಳುತ್ತದೆ. ಶರಣರ ಮಾತೇ ಅಲ್ಲವೆ ಇದು, ಅಶೋಕನೂ ನಮ್ಮವನೇ ಎಂದು ವೇದಿಕೆಯ ಮೇಲೆ ಹೇಳುವ ಆಸೆ ಹುಟ್ಟುತ್ತದೆ. ಹೇಳಬಾರದು. ಅದೇ ಎಂಟು ಸಾಲುಗಳಲ್ಲಿ ಅವನು ತನ್ನ ಬೌದ್ಧ ನಿಷ್ಠೆಯನ್ನೂ ಸಂಘಕ್ಕೆ ಹತ್ತಿರವಾದದ್ದನ್ನೂ ಹೇಳಿಕೊಂಡಿದ್ದಾನೆ. ಅದನ್ನು ಬಿಟ್ಟು ನಮಗೆ ಬೇಕಾದ ಸಾಲನ್ನಷ್ಟೇ ಎತ್ತಿಕೊಂಡರೆ ಅರ್ಧ ಕಲ್ಲು ಒಡೆದಂತೆ. ಅವನು ಅವನಾಗಿಯೇ ನಮಗೆ ಗೌರವಕ್ಕೆ ಪಾತ್ರ.

ಇಷ್ಟೆಲ್ಲ ಇದ್ದರೂ ನಮ್ಮ ಸೀಮೆಯ ಶಾಸನಗಳ ಪ್ರಕಟಣೆ ತಡವಾಯಿತು. ಬಿ. ಎಲ್. ರೈಸ್ ಅವರು ಮೈಸೂರು ಸೀಮೆಯ ಶಾಸನಗಳನ್ನು ೧೮೮೬ರಿಂದ ೧೯೦೫ರ ಒಳಗೆ ಹನ್ನೆರಡು ಸಂಪುಟಗಳಲ್ಲಿ ತಂದರು. ನಾವು ನಿಜಾಮನ ರಾಜ್ಯದಲ್ಲಿದ್ದೆವು. ಆಡಳಿತ ಉರ್ದುವಿನಲ್ಲಿ, ಕಲ್ಲುಗಳು ಕನ್ನಡದಲ್ಲಿ. ಪ್ರಾಚ್ಯವಸ್ತು ಇಲಾಖೆ ಹುಟ್ಟಿದ್ದೇ ೧೯೧೪ರಲ್ಲಿ. ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡಿನ ಅಶೋಕ ಲಿಪಿಗಳು ೧೯೩೧ರಲ್ಲಿ ಬೆಳಕಿಗೆ ಬಂದು ಮರುವರ್ಷ ಪ್ರಕಟವಾದವು. ಕನ್ನಡ ಜಿಲ್ಲೆಗಳ ಶಾಸನಗಳದೇ ಒಂದು ಸಂಪುಟವನ್ನು ಪಿ. ಬಿ. ದೇಸಾಯಿಯವರು ಸಂಪಾದಿಸಿ ಅದು ಅಚ್ಚಾಗುವಾಗ ೧೯೫೮, ಹೈದರಾಬಾದ್ ರಾಜ್ಯವೇ ಇರಲಿಲ್ಲ. ಆಮೇಲೆ ಹಂಪಿಯ ಕನ್ನಡ ವಿಶ್ವವಿದ್ಯಾಲಯ ರಾಯಚೂರು ಜಿಲ್ಲೆಯ ಶಾಸನಗಳ ಸಂಪುಟವನ್ನು ಹೊರತಂದಿದೆ. ದೇವದುರ್ಗ ತಾಲೂಕಿನ ಗಬ್ಬೂರಿನಂಥ ಊರಿನ ಗುಡಿಗಳನ್ನು ನೋಡಿದವರಿಗೆ ಕಲ್ಯಾಣ ಚಾಲುಕ್ಯರ ಕಾಲದ ಕಲ್ಲುಗಳು ಎಷ್ಟು ದಟ್ಟವಾಗಿವೆ ಎಂಬುದು ಗೊತ್ತು.

ಗೊತ್ತಿದ್ದೂ ನಾವು ಏನು ಮಾಡುತ್ತೇವೆ? ಜೀರ್ಣೋದ್ಧಾರ ಎಂದು ಚಂದಾ ಎತ್ತಿ, ಶಾಸನದ ಕಲ್ಲಿನ ಮೇಲೆ ಎಣ್ಣೆಬಣ್ಣ ಬಳಿಯುತ್ತೇವೆ. ಬಣ್ಣದ ಮೇಲೆ ಚಂದಾ ಕೊಟ್ಟವರ ಹೆಸರು ಬರೆಸುತ್ತೇವೆ. ಚಿತ್ತಾಪುರ ತಾಲೂಕಿನ ಸನ್ನತಿಯಲ್ಲಿ ಅಶೋಕನ ಲಿಪಿಯಿದ್ದ ಹಾಸುಗಲ್ಲನ್ನು ಯಾವ ಕಾಲದಲ್ಲೋ ದೇವಿಯ ಮೂರ್ತಿಗೆ ಪೀಠ ಮಾಡಿ, ಮೂರ್ತಿ ಕೂಡಿಸಲು ನಡುವೆ ತೂತು ಕೊರೆದಿದ್ದರು. ಗುಡಿಯ ಮಾಳಿಗೆ ಕುಸಿದ ಮೇಲೆ ೧೯೮೯ರಲ್ಲಿ ಆ ಬರಹ ಹೊರಗೆ ಕಂಡಿತು. ತೂತಿನ ಜಾಗದ ಅಕ್ಷರಗಳು ಹೋದವು. ಕೊರೆದವರದು ಭಕ್ತಿಯೇ, ದ್ವೇಷವಲ್ಲ. ಭಕ್ತಿಯ ಕೈಯಲ್ಲೂ ಉಳಿ ಇರುತ್ತದೆ.

ಓಲೆಗಳ ಗತಿಯೂ ಅಷ್ಟೆ. ವಚನಗಳ ಕಟ್ಟುಗಳನ್ನು ಜಗಲಿಯ ಮೇಲೆ ಇಟ್ಟು ವಿಭೂತಿ ಹಚ್ಚಿ ಪೂಜಿಸಿದ ಮನೆಗಳು ಬಹಳ, ಬಿಚ್ಚಿ ಓದಿದ ಮನೆಗಳು ಕಡಿಮೆ. ವಿಜಾಪುರದಲ್ಲಿ ವಕೀಲಿ ಮಾಡುತ್ತಿದ್ದ ಫ. ಗು. ಹಳಕಟ್ಟಿಯವರು ಅಂಥ ಕಟ್ಟುಗಳಿಗಾಗಿ ಊರೂರು ಅಲೆದರು. ೧೯೨೩ರಲ್ಲಿ ‘ವಚನಶಾಸ್ತ್ರಸಾರ’ ತಂದರು, ೧೯೨೫ರಲ್ಲಿ ಸ್ವಂತ ಮುದ್ರಣಾಲಯ ಹಾಕಿದರು. ಅದಕ್ಕಾಗಿ ಮನೆ ಮಾರಿದರು. ಇವತ್ತು ನಮ್ಮ ಮಕ್ಕಳು ಶಾಲೆಯಲ್ಲಿ ವಚನ ಹೇಳುವುದಕ್ಕೆ ಆ ವಕೀಲರ ಖಾಲಿಯಾದ ಜೇಬು ಒಂದು ಕಾರಣ.

ನಿಮ್ಮ ಅಟ್ಟದ ಮೇಲೆ, ದೇವರ ಜಗಲಿಯ ಹಿಂದೆ, ಹಗೇವಿನ ಪಕ್ಕದ ಗೂಡಿನಲ್ಲಿ ಇನ್ನೂ ಇಂಥ ಕಟ್ಟುಗಳು ಇರಬಹುದು. ವಚನವೇ ಆಗಬೇಕೆಂದಿಲ್ಲ. ಊರಿನ ಕೈಫಿಯತ್ತು, ಶ್ಯಾನಭೋಗರ ಕಡತ, ಬೀಜ ಬಿತ್ತಿದ ಲೆಕ್ಕ, ಬರಗಾಲದಲ್ಲಿ ಜೋಳ ಮಾರಿದ ದರ, ಯಾವುದಾದರೂ ಸರಿ. ಯುದ್ಧದ ದಿನ ಸಿಕ್ಕದ್ದು ಒಂದು ಶನಿವಾರದಿಂದ. ನಿಮ್ಮ ಕಡತದ ಯಾವ ಮೂಲೆಯಲ್ಲಿ ಯಾವ ಶನಿವಾರ ಕುಳಿತಿದೆಯೋ ಯಾರು ಬಲ್ಲರು. ಓದಲು ಬರುವುದಿಲ್ಲ ಎಂದು ಹೊಳೆಗೆ ಬಿಡಬೇಡಿ. ಹಿರಿಯರು ತೀರಿಕೊಂಡಾಗ ಅವರ ಪುಸ್ತಕಗಳನ್ನು ಕೃಷ್ಣೆಯಲ್ಲಿ ಬಿಡುವ ವಾಡಿಕೆ ಕೆಲವು ಮನೆಗಳಲ್ಲಿದೆ, ಅದನ್ನು ನಿಲ್ಲಿಸಿ. ಮಠಕ್ಕೆ ತನ್ನಿ. ಕಟ್ಟು ನಿಮ್ಮದೇ, ಮಠದ್ದಾಗುವುದಿಲ್ಲ. ಬಲ್ಲವರಿಂದ ಓದಿಸಿ, ಫೋಟೋ ತೆಗೆಸಿ, ನಿಮ್ಮ ಕೈಗೇ ಮರಳಿಸುತ್ತೇವೆ. ತರುವಾಗ ಮಾತ್ರ ಒಂದು ಜೋಕೆ. ದಾರ ಬಿಚ್ಚಬೇಡಿ, ಗರಿ ಬೇರೆ ಮಾಡಿ ಎಣಿಸಬೇಡಿ, ಅಂಟಿಕೊಂಡದ್ದನ್ನು ನೀರು ಹಚ್ಚಿ ಬಿಡಿಸಬೇಡಿ, ಮಸುಕಾಗಿದೆ ಎಂದು ಮೇಲೆ ಪೆನ್ಸಿಲ್ ಆಡಿಸಬೇಡಿ. ಒಂದು ಹಳೆಯ ಧೋತರದಲ್ಲಿ ಇದ್ದಂತೆ ಸುತ್ತಿ, ಯಾವ ಮನೆಯದು, ಯಾರಿಂದ ಬಂತು ಎಂದು ಒಂದು ಚೀಟಿ ಇಟ್ಟು ತನ್ನಿ.